ತಪ್ಪು ಕಣ್ಣಿನದೊ, ಬಂದೂಕಿನದೊ?

ನೇಗಿಲು ಮಾಡುವ ಬಡಿಗನು ಕಟ್ಟಿಗೆಗೆ ಬಾಚಿ ಹಚ್ಚುವ ಮೊದಲು ಮೇಳಿಯನ್ನು ಹಿಡಿಯುವವನು ಯಾರು ಎಂದು ಕೇಳುತ್ತಾನೆ. ಎತ್ತರದ ಆಳಿಗೆ ಮಾಡಿದ ಮೇಳಿಯನ್ನು ಗಿಡ್ಡನು ಹಿಡಿದರೆ ಅವನ ತೋಳು ಸೋಲುವದು. ಗಿಡ್ಡನ ಮೇಳಿಯನ್ನು ಎತ್ತರದವನು ಹಿಡಿದರೆ ಅವನ ನಡು ನೋಯುವದು. ಎರಡೂ ಪ್ರಸಂಗಗಳಲ್ಲಿ ಸಾಲು ಡೊಂಕಾಗುವದು. ಆದರೆ ಡೊಂಕು ಸಾಲನ್ನು ಕಂಡ ದಾರಿಹೋಕನು ಒಕ್ಕಲಿಗನನ್ನು ಹಳಿಯುವನೇ ಹೊರತು ಮೇಳಿಯನ್ನು ಹಳಿಯುವದಿಲ್ಲ. ಚಪ್ಪಲಿಯನ್ನು ಕಾಲಿಗೆ ನೋಡಿ, ಕನ್ನಡಕವನ್ನು ಕಣ್ಣಿಗೆ ನೋಡಿ, ಅಂಗಿಯನ್ನು ಹೆಗಲಿಗೆ ನೋಡಿ ಕೊಳ್ಳುವ ವಿವೇಕಿಗಳು ಕೂಡ ಕೆಲವು ಸಾಧನಗಳನ್ನು, ಹಿರಿಯರಿಂದ ಬಂದವೆಂಬ ಒಂದೇ ಕಾರಣಕ್ಕಾಗಿ, ಅಳತೆ ನೋಡದೆ ತಮ್ಮವೆಂದು ಸ್ವೀಕರಿಸುವರು. ಅಂಥವುಗಳಲ್ಲಿ ಬಂದೂಕು ಒಂದು.

ವಿಜಯಪುರ ಸೀಮೆಯ ಅರಕೇರಿ ಮಳೆ ಕಡಿಮೆಯಾದ ಮಡ್ಡಿ ನೆಲದ ಊರು. ಅಲ್ಲಿಯ ಮುಮ್ಮಟ್ಟಿ ಗುಡ್ಡದ ಅಮೋಘಸಿದ್ಧನ ನೆಲೆಗೆ ದೂರದೂರದ ಹಾಲುಮತದವರು ಡೊಳ್ಳು ಬಾರಿಸುತ್ತ ಬರುವರು. ಪೋಲೀಸರ ಇಂಡಿಯಾ ರಿಜರ್ವ್ ಬಟಾಲಿಯನ್ನು ನೆಲೆಸಿದ ಮೇಲೆ ಊರಿನ ಹೆಸರು ಸರಕಾರದ ಕಾಗದಪತ್ರಗಳಲ್ಲಿಯೂ ಓಡಾಡತೊಡಗಿದೆ. ತಿಕೋಟಾ ಬಬಲೇಶ್ವರಗಳ ಸುತ್ತಲೂ ಈಗ ದ್ರಾಕ್ಷಿಯ ಚಪ್ಪರಗಳು ಎದ್ದಿವೆ. ಮೊದಲು ಕಣ್ಣು ಹಾಯುವವರೆಗೆ ಬಿಳಿಜೋಳ, ಸಜ್ಜೆ. ಬೆಳೆ ಹಾಲುದೆನೆಗೆ ಬಂದಾಗ ಹೊಲದ ನಡುವೆ ಅಟ್ಟ ಕಟ್ಟಿ, ಹುಡುಗರು ಅದರ ಮೇಲೆ ನಿಂತು ಕವಣೆ ಬೀಸಿ ಹಕ್ಕಿ ಕಾಯುವರು. ಕವಣೆಯ ಹಗ್ಗ ಉದ್ದವೆನಿಸಿದರೆ ಹುಡುಗನು ಬೆರಳಿಗೆ ಇನ್ನೊಂದು ಸುತ್ತು ಸುತ್ತಿಕೊಳ್ಳುವನು. ಅಷ್ಟರಿಂದಲೇ ಆ ಸಾಧನವು ಅವನ ಮೈಗೆ ಒಪ್ಪುವದು. ಬಂದೂಕಿಗೆ ಇಷ್ಟು ಸುಲಭವಾದ ಉಪಾಯವಿಲ್ಲ.

ಆ ಊರಿನ ಒಬ್ಬ ಗೌಡರ ಮನೆಯಲ್ಲಿ ಹನ್ನೆರಡು ಬೋರಿನ ಜೋಡುನಳಿಗೆಯ ಬಂದೂಕು ಒಂದಿತ್ತು. ಹನ್ನೆರಡು ಬೋರೆಂಬ ಮಾತಿನ ಅರ್ಥ ಬಲ್ಲವರು ಕಡಿಮೆ. ಒಂದು ಪೌಂಡು ಸೀಸವನ್ನು ಹನ್ನೆರಡು ಸಮನಾದ ಉಂಡೆಗಳಾಗಿ ಮಾಡಿದರೆ ಒಂದೊಂದು ಉಂಡೆ ಯಾವ ನಳಿಗೆಯಲ್ಲಿ ಸರಿಯಾಗಿ ಕೂಡುವದೋ ಅದು ಹನ್ನೆರಡು ಬೋರಿನ ನಳಿಗೆ. ಅದರ ಒಳವ್ಯಾಸ ಮುಕ್ಕಾಲು ಇಂಚಿಗೆ ಕೊಂಚ ಕಡಿಮೆ. ದೊಡ್ಡ ಗೌಡರು ಆರಡಿ ಎತ್ತರದವರು. ನೀಳವಾದ ಕೊರಳು, ಉದ್ದ ತೋಳು, ಅಗಲವಾದ ಮುಖ. ಅವರು ಆ ಬಂದೂಕನ್ನು ಹೆಗಲಿಗೇರಿಸಿದರೆ ಅದು ಅವರ ಮೈಯಲ್ಲಿಯೇ ಹುಟ್ಟಿದಂತೆ ಕಾಣುತ್ತಿತ್ತಂತೆ. ತೋಳು ಉದ್ದವಾದ್ದರಿಂದ ಬಂದೂಕಿನ ಹಿಂತುದಿಗೆ ಅವರು ಸಮಗಾರನಿಂದ ದಪ್ಪ ತೊಗಲಿನ ಚೀಲವೊಂದನ್ನು ಹೊಲಿಸಿ ಹಾಕಿಸಿದ್ದರು. ಹಾರುವ ಕೌಜುಗವನ್ನು ಅವರು ಎರಡನೆಯ ತೋಟಾಕ್ಕೆ ಉಳಿಸಿದ್ದಿಲ್ಲವೆಂದು ಊರಿನ ಮುದುಕರು ಇಂದಿಗೂ ಹೇಳುವದುಂಟು. ಇದೆಲ್ಲ 1972ರ ವನ್ಯಜೀವಿ ಸಂರಕ್ಷಣೆಯ ಕಾಯಿದೆ ಬರುವದಕ್ಕಿಂತ ಮುಂಚಿನ ಮಾತು.

ಅವರ ಮಗನು ತಾಯಿಯ ಕಡೆಯನ್ನು ಹೋತವನು. ಕುಳ್ಳು ಮೈ, ಕುತ್ತಿಗೆ ಗಿಡ್ಡ, ಕೆನ್ನೆ ಸೊರಗಿದ್ದು. ಮೀಸೆ ಮೂಡುವ ವಯಸ್ಸಿನಲ್ಲಿ ತಂದೆಯು ಒಂದು ದಿನ ಅವನ ಕೈಗೆ ಬಂದೂಕನ್ನು ಕೊಟ್ಟರು. ಜೋಳದ ಹೊಲದ ಬದುವಿನಲ್ಲಿ ನಾಲ್ಕು ಮಂದಿ ಹಿರಿಯರು ನಿಂತಿದ್ದರು. ಕೌಜುಗವು ಭರ್ರೆಂದು ಎದ್ದಿತು. ಮಗನು ಹೊಡೆದನು. ಹಕ್ಕಿ ಬೀಳಲಿಲ್ಲ, ಒಂದು ಕಾಲು ಜೋತಾಡುತ್ತ ಜೋಳದೊಳಗೆ ಇಳಿಯಿತು. ಸಂಜೆಯವರೆಗೆ ಹುಡುಕಿದರೂ ಅದು ಸಿಕ್ಕಲಿಲ್ಲ. ತಂದೆಯು ಬಯ್ಯಲಿಲ್ಲ. ಬಂದೂಕನ್ನು ಮರಳಿ ತಕ್ಕೊಂಡು, “ನಿನ್ನ ಕಣ್ಣಾಗ ನೆದರಿಲ್ಲ” ಎಂದಷ್ಟೇ ಅಂದರು. ಹಿರಿಯರ ಮುಂದೆ ಆದ ಅಪಮಾನವು ಕೆಲವು ದಿನಗಳಲ್ಲಿ ಹಳೆಯದಾಯಿತು. ಜೋಳದೊಳಗೆ ಇಳಿದ ಆ ಹಕ್ಕಿ ಮಾತ್ರ ಅವನ ಮನಸ್ಸಿನಿಂದ ಏಳಲೇ ಇಲ್ಲ. ತನ್ನ ದೃಷ್ಟಿಯ ದೋಷದಿಂದ ಒಂದು ಪ್ರಾಣಿ ಅರೆಜೀವವಾಗಿ ನರಳಿ ಸತ್ತಿತೆಂಬ ಭಾವನೆಯು ಅವನೊಂದಿಗೇ ಬೆಳೆಯಿತು.

ತಂದೆಯ ತರುವಾಯ ಬಂದೂಕು ಅವನ ಹೆಸರಿಗೆ ಬಂದಿತು. ಈ ಸೀಮೆಯಲ್ಲಿ ಆಯುಧವನ್ನು ಇಟ್ಟುಕೊಳ್ಳುವದು ಹಗುರಾದ ಮಾತಲ್ಲ. 1857ರಲ್ಲಿ ಆಂಗ್ಲ ಸರಕಾರವು ಜನರ ಆಯುಧಗಳನ್ನು ಕಿತ್ತುಕೊಳ್ಳಲು ಹೊರಟಾಗ ಮುಧೋಳದ ಹತ್ತಿರದ ಹಲಗಲಿಯ ಬೇಡರು ಒಪ್ಪದೆ ಕಾದಿ ಮಡಿದುದನ್ನು ಲಾವಣಿಗಳು ಮರೆತಿಲ್ಲ. ಈಗ 1959ರ ಆಯುಧ ಕಾಯಿದೆಯಂತೆ ಪರವಾನಿಗೆ ಬೇಕು. ಚುನಾವಣೆ ಬಂದಾಗ ಬಂದೂಕನ್ನು ಠಾಣೆಗೆ ಒಪ್ಪಿಸಿ ಪಾವತಿ ತಕ್ಕೊಳ್ಳಬೇಕು. ಗೌಡರ ಪರವಾನಿಗೆ ಬೆಳೆಯ ರಕ್ಷಣೆಗಾಗಿ ಕೊಟ್ಟದ್ದು. ಆದರೆ ಕಾಡುಹಂದಿ ಗೋವಿನಜೋಳಕ್ಕೆ ನುಗ್ಗಿದ ರಾತ್ರಿಗಳಲ್ಲಿ ಅವರು ತಗಡು ಬಡಿದರು, ಪಟಾಕಿ ಹಚ್ಚಿದರು, ಕೂಗಿದರು, ಬಂದೂಕನ್ನು ಮುಟ್ಟಲಿಲ್ಲ. ಅಪ್ಪಣೆಯಿಲ್ಲದೆ ಹಂದಿಯನ್ನು ಕೊಲ್ಲಲಾಗದೆಂಬುದು ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣ ಬೇರೊಂದಿತ್ತು. ಮಗ್ಗುಲ ಹೊಲಗಳಲ್ಲಿಯೂ ಜನರು ಕಾವಲಿಗೆ ಮಲಗಿರುವರು. ನೀರು ತುಂಬುವ ಕೊಡದ ಸಪ್ಪಳವನ್ನು ಆನೆಯದೆಂದು ಬಗೆದು ಬಾಣ ಬಿಟ್ಟ ದಶರಥನಿಗೆ ಶಬ್ದವೇಧದ ವಿದ್ಯೆಯಾದರೂ ಸಿದ್ಧಿಸಿತ್ತು. ಆದರೂ ಅವನ ಬಾಣವು ಮುನಿಕುಮಾರನ ಎದೆಯಲ್ಲಿ ನಟ್ಟಿತು. ತನ್ನ ಬಂದೂಕಿನ ಏಟು ಎಲ್ಲಿ ಬೀಳುವದೆಂಬುದನ್ನು ಹಗಲಿನಲ್ಲಿಯೇ ಅರಿಯದವನು ಕತ್ತಲೆಯಲ್ಲಿ ಅದನ್ನು ಎತ್ತಬಾರದೆಂಬ ವಿವೇಕ ಗೌಡರಿಗಿತ್ತು.

ಹೀಗಿದ್ದರೂ ಮನುಷ್ಯನು ತನಗೆ ಬಡಿದ ಕೋಲನ್ನೇ ಮಕ್ಕಳ ಮೇಲೆ ಎತ್ತುವನು. ಗೌಡರ ಮಗನೂ ಒಂದು ಸಾರೆ ಆ ಬಂದೂಕಿನಿಂದ, ಗುಡ್ಡದ ಒಡ್ಡಿಗೆ ಆನಿಸಿದ ಕುಂಬಳಕಾಯಿಗೆ ಗುರಿ ಹಿಡಿದು ಸೋತನು. ಅವನೂ ಕುಳ್ಳನೇ. ಗೌಡರ ಬಾಯಿಂದ, ಅವರು ಬೇಡವೆಂದರೂ, ತಂದೆಯ ಮಾತೇ ಹೊರಬಿದ್ದಿತು. ಮಗನು ಮುಂದೆ ಸೋಲಾಪುರಕ್ಕೆ ನೌಕರಿಗೆ ಹೋದನು. ಬಂದೂಕಿನ ಸುದ್ದಿಯನ್ನು ಮತ್ತೆ ಎತ್ತಲಿಲ್ಲ.

ಗೌಡರಿಗೆ ಅರವತ್ತೈದು ದಾಟಿದ ಮೇಲೆ, ಪರವಾನಿಗೆಯುಳ್ಳವರಿಗಾಗಿ ಏರ್ಪಟ್ಟ ಬಂದೂಕು ತರಬೇತಿಗೆ ಅವರು ಹೋಗಬೇಕಾಯಿತು. ಅಲ್ಲಿ ಕಲಿಸುವವರು ನಿವೃತ್ತ ಹವಾಲ್ದಾರರೊಬ್ಬರು. ಗೌಡರು ಮೊದಲೇ ತಮ್ಮ ತಪ್ಪನ್ನು ಒಪ್ಪಿಕೊಂಡುಬಿಟ್ಟರು: “ನನ್ನ ಕಣ್ಣಾಗ ನೆದರಿಲ್ಲರಿ.” ಹವಾಲ್ದಾರರು ಮಾತಾಡದೆ ತೋಟಾಗಳನ್ನು ತೆಗೆಯಿಸಿ, ನಳಿಗೆ ಖಾಲಿಯಿದ್ದುದನ್ನು ಎರಡು ಸಾರೆ ನೋಡಿ, “ಕಣ್ಣ ಮುಚ್ಚಿ ಬಂದೂಕ ಹೆಗಲಿಗೆ ತರ್ರಿ, ಗಲ್ಲ ಕಟ್ಟಿಗಿಗೆ ಹಚ್ಚರಿ, ಈಗ ಕಣ್ಣ ತಗೀರಿ. ಏನ ಕಾಣತೈತಿ?” ಎಂದು ಕೇಳಿದರು. ಗೌಡರಿಗೆ ನಳಿಗೆಯ ತುದಿಯ ಮಣಿ ಕಾಣಲಿಲ್ಲ. ಕಣ್ಣಿನ ಮುಂದೆಯೇ ಇದ್ದ ಬಂದೂಕಿನ ಹಿಂಬದಿಯ ಉಕ್ಕು ಗೋಡೆಯಂತೆ ನಿಂತಿತ್ತು. ಐವತ್ತು ವರ್ಷಗಳಿಂದ ಅವರು ಆ ಗೋಡೆಯನ್ನು ನೋಡುತ್ತಿದ್ದರು. ಅದು ಅಲ್ಲಿ ಇರಬಾರದೆಂದು ಯಾರೂ ಅವರಿಗೆ ಹೇಳಿರಲಿಲ್ಲ.

ಆ ಮೇಲೆ ಹದಿನಾರು ಗಜದ ದೂರದಲ್ಲಿ ದೊಡ್ಡದೊಂದು ಬಿಳಿಯ ಕಾಗದವನ್ನು ಕಟ್ಟಿ, ನಡುವೆ ರೂಪಾಯಿಯಗಲದ ಕಪ್ಪು ಚುಕ್ಕೆಯನ್ನು ಇಟ್ಟರು. ಮಣಿಯನ್ನು ಹುಡುಕದೆ, ಚುಕ್ಕೆಯನ್ನಷ್ಟೇ ನೋಡಿ, ಬಂದೂಕು ಹೆಗಲಿಗೆ ಬಂದ ಕೂಡಲೆ ಹೊಡೆಯಬೇಕೆಂದು ಕಟ್ಟಪ್ಪಣೆ. ಒಂದು ಏಟಿಗೆ ಒಂದು ಕಾಗದದಂತೆ ಐದು ಏಟುಗಳು. ಛರ್ರೆಯ ಬಂದೂಕಿನ ಏಟು ಒಂದೇ ತೂತಲ್ಲ. ನೂರಾರು ಕಾಳುಗಳು ಎರಚಿದ ಒಂದು ಚಕ್ರ. ಆ ಚಕ್ರದ ಮಧ್ಯಬಿಂದು ಎಲ್ಲಿದೆಯೆಂಬುದನ್ನು ನೋಡಬೇಕು. ಮೂರು ಕಾಗದಗಳಲ್ಲಿ ಅದು ಚುಕ್ಕೆಯಿಂದ ಸುಮಾರು 4 ಇಂಚು ಕೆಳಗೆ, 2 ಇಂಚು ಬಲಕ್ಕೆ ಇತ್ತು. ಉಳಿದ ಎರಡರಲ್ಲಿ ಚುಕ್ಕೆಗಿಂತ ಬಹಳ ಮೇಲೆ. ಹವಾಲ್ದಾರರು ಕಾಗದಗಳನ್ನು ಬೇರೆ ಬೇರೆ ಮಾಡಿ ಹೇಳಿದರು: “ಕೆಳಗಿನ ಈ ಮೂರು ಬಂದೂಕ ಮಾಡಿದ ತಪ್ಪ. ಮ್ಯಾಲಿನ ಎರಡು ನೀವು ಮಾಡಿದ್ದು. ಮಣಿ ಕಾಣವಲ್ದಂತ ತಲಿ ಎತ್ತೀರಿ. ಗೌಡ್ರ, ನಿಮ್ಮ ಕಣ್ಣ ಸುದ್ದ ಅದಾವ. ಲೈಸೆನ್ಸ ನಿಮ್ಮ ಹೆಸರಲೆ ಐತಿ, ಬಂದೂಕ ಇನ್ನೂ ನಿಮ್ಮ ಅಪ್ಪಾರದ ಐತಿ.”

ಈ ಮಾತಿನ ಮರ್ಮವನ್ನು ತಿಳಿಯಬೇಕಾದರೆ ರೈಫಲ್ಲಿಗೂ ಛರ್ರೆಯ ಬಂದೂಕಿಗೂ ಇರುವ ಭೇದವನ್ನು ನೋಡಬೇಕು. ರೈಫಲ್ಲಿಗೆ ಎರಡು ಗುರಿಗಳುಂಟು: ಮುಂದಿನದು ನಳಿಗೆಯ ತುದಿಯಲ್ಲಿ, ಹಿಂದಿನದು ಕಣ್ಣಿನ ಹತ್ತಿರ. ಎರಡನ್ನೂ ಒಂದೇ ಗೆರೆಯಲ್ಲಿ ತಂದರೆ ಬಂದೂಕು ಎತ್ತ ನೋಡುತ್ತಿದೆಯೆಂಬುದು ನಿಶ್ಚಯವಾಗುವದು. ಛರ್ರೆಯ ಬಂದೂಕಿನ ತುದಿಯಲ್ಲಿ ಜೋಳದ ಕಾಳಿನಷ್ಟು ಹಿತ್ತಾಳೆಯ ಮಣಿಯೊಂದುಂಟು. ಹಿಂದೆ ಏನೂ ಇಲ್ಲ. ಹಿಂದಿನ ಗುರಿಯ ಸ್ಥಾನದಲ್ಲಿ ಇರುವದು ಹೊಡೆಯುವವನ ಕಣ್ಣೇ. ಆ ಕಣ್ಣನ್ನು ನಳಿಗೆಯ ಮೇಲೆ ತಂದು ನಿಲ್ಲಿಸುವದು ಬಂದೂಕಿನ ಕಟ್ಟಿಗೆಯ ಭಾಗ. ಇದನ್ನು ಕುಂದಾ ಎನ್ನುವರು. ಕುಂದಾದ ಹಿಂತುದಿ ಹೆಗಲಿಗೆ ಆನುವದು, ಮೇಲಂಚು ಕೆನ್ನೆಗೆ ಆನುವದು. ಮೇಲಂಚು ತಗ್ಗಾದರೆ ಕಣ್ಣು ತಗ್ಗುವದು, ಏಟೂ ತಗ್ಗಿನಲ್ಲಿ ಬೀಳುವದು. ಅಂಚು ಎತ್ತರವಾದರೆ ಏಟು ಮೇಲೆ ಹೋಗುವದು. ಕಣ್ಣು ನಳಿಗೆಯ ನಡುಗೆರೆಗಿಂತ ಬಲಕ್ಕೆ ಸರಿದರೆ ಏಟು ಬಲಕ್ಕೆ, ಎಡಕ್ಕೆ ಸರಿದರೆ ಎಡಕ್ಕೆ. ಹಿಂದಿನ ಗುರಿ ಎತ್ತ ಸರಿಯುವದೋ ಏಟೂ ಅತ್ತಲೇ ಸರಿಯುವದೆಂಬುದು ನಿಯಮ.

ವಿಜಯಪುರದವರಿಗೆ ಇದನ್ನು ತಿಳಿಸುವದಕ್ಕೆ ಊರಿನ ಕೋಟೆಯೇ ಸಾಕು. ಶೆರ್ಜಾ ಬುರುಜಿನ ಮೇಲಿನ ಮುಲುಕ್-ಎ-ಮೈದಾನ ತೋಪನ್ನು 1549ರಲ್ಲಿ ಅಹಮದನಗರದಲ್ಲಿ ಎರಕ ಹೊಯ್ದರು. ಅದರ ಭಾರ ಸುಮಾರು 55 ಟನ್ನು, ಬಾಯಿ ಆನೆಯನ್ನು ಅಗಿಯುವ ಸಿಂಹದ ಮುಖ. ಉಪಲಿ ಬುರುಜಿನ ಮೇಲೆ 30 ಅಡಿಗೂ ಹೆಚ್ಚು ಉದ್ದದ ಇನ್ನೊಂದು ತೋಪುಂಟು. ಈ ತೋಪುಗಳು ಯಾರ ಹೆಗಲಿಗೂ ಆನುವದಿಲ್ಲ, ಯಾರ ಕೆನ್ನೆಯನ್ನೂ ಮುಟ್ಟುವದಿಲ್ಲ. ಗೋಲಂದಾಜನು ಎತ್ತರದವನಿರಲಿ, ಕುಳ್ಳನಿರಲಿ, ತೋಪಿನ ದೃಷ್ಟಿ ಬದಲಾಗದು. ಅದರ ಹೆಗಲು ಕಲ್ಲಿನ ಬುರುಜು. ಕೈಬಂದೂಕಿಗಾದರೋ ಮನುಷ್ಯನ ಮೈಯೇ ಬುರುಜು. ಬುರುಜು ಬದಲಾದರೆ ಏಟು ಬದಲಾಗುವದು. ಒಬ್ಬರ ಕೈಯಲ್ಲಿ ಎಂದೂ ತಪ್ಪದ ಬಂದೂಕು ಇನ್ನೊಬ್ಬರ ಕೈಯಲ್ಲಿ ಎಂದೂ ತಗಲದಿರುವದು ಇದರಿಂದಲೇ.

ಎಷ್ಟು ತಪ್ಪುವದೆಂಬುದಕ್ಕೆ ಶಾಲೆಯ ತ್ರೈರಾಶಿಯಷ್ಟೇ ಸಾಕು. ಕಣ್ಣಿನಿಂದ ಮಣಿಯವರೆಗೆ ಹೆಚ್ಚು ಕಡಿಮೆ ಒಂದು ಗಜ. ಆದ್ದರಿಂದ ಕಣ್ಣು ಎಷ್ಟು ಸರಿಯುವದೋ, ದೂರ ಎಷ್ಟು ಗಜವೋ ಅದರಿಂದ ಗುಣಿಸಿದರೆ ಏಟು ಎಷ್ಟು ಸರಿಯುವದೆಂಬುದು ಸುಮಾರಾಗಿ ಬರುವದು. ಬಡಿಗರ ಒಂದು ನೂಲು, ಅಂದರೆ ಇಂಚಿನ ಎಂಟನೆಯ ಭಾಗ, ಕಣ್ಣು ಸರಿದರೆ ಹದಿನಾರು ಗಜದಲ್ಲಿ 2 ಇಂಚು, ನಾಲ್ವತ್ತು ಗಜದಲ್ಲಿ 5 ಇಂಚು ತಪ್ಪುವದು. ಗೌಡರ ಕಣ್ಣು ಎರಡು ನೂಲು ತಗ್ಗಿತ್ತು, ಒಂದು ನೂಲು ಬಲಕ್ಕಿತ್ತು. ನಾಲ್ವತ್ತು ಗಜದಲ್ಲಿ ಅದು 10 ಇಂಚು ಕೆಳಗೆ, 5 ಇಂಚು ಬಲಕ್ಕೆ. ಅಷ್ಟು ದೂರದಲ್ಲಿ ಒಳ್ಳೆಯ ಬಂದೂಕಿನ ಛರ್ರೆಗಳನ್ನು 30 ಇಂಚು ವ್ಯಾಸದ ಚಕ್ರದಲ್ಲಿ ಎಣಿಸುವ ರೂಢಿಯುಂಟು. ಬಾಯಿಯನ್ನು ಬಿಗಿಮಾಡಿದ ನಳಿಗೆ ಅದರೊಳಗೆ ನೂರಕ್ಕೆ ಎಪ್ಪತ್ತು ಕಾಳುಗಳನ್ನು ಹಾಕಬೇಕು, ಬಿಗಿಯಿಲ್ಲದ ನೇರ ನಳಿಗೆ ನಾಲ್ವತ್ತನ್ನು. ಚಕ್ರದ ನಡುವೆ ಕಾಳುಗಳು ದಟ್ಟ, ಅಂಚಿನಲ್ಲಿ ವಿರಳ. 10 ಇಂಚು ತಪ್ಪಿದ ಚಕ್ರದ ಅಂಚು ಹಕ್ಕಿಗೆ ತಾಗಿದರೆ ಒಂದೆರಡು ಕಾಳುಗಳಷ್ಟೇ ತಗಲುವವು. ಅದು ಸಾಯುವದಿಲ್ಲ, ಉಳಿಯುವದೂ ಇಲ್ಲ. ಜೋಳದೊಳಗೆ ಇಳಿದ ಹಕ್ಕಿಯ ಒಂದು ಕಾಲು ಮಾತ್ರ ಮುರಿದದ್ದು ಏಕೆಂಬುದು ಈ ಲೆಕ್ಕದಿಂದ ಗೌಡರಿಗೆ ಹೊಳೆಯಿತು.

ಇನ್ನು ಮಣಿಯ ಮಾತು. ಏಟು ತಪ್ಪುವದಕ್ಕೆ ಮಣಿ ಸಣ್ಣದಾದುದೇ ಕಾರಣವೆಂದು ತಿಳಿದು ಕೆಲವರು ಹೊಳೆಯುವ ಕೆಂಪು ಹಸುರು ಮಣಿಗಳನ್ನು ಕೊಂಡು ಹಾಕಿಸುವರು. ಇದರಲ್ಲಿ ಒಂದು ಅಪಾಯವುಂಟು. ಹೊಳೆಯುವ ವಸ್ತುವಿನತ್ತ ಕಣ್ಣು ತಾನೇ ಓಡುವದು, ಕಣ್ಣು ಮಣಿಗೆ ಬಂದ ಕ್ಷಣವೇ ಹಾರುವ ಗುರಿಯನ್ನು ಬಿಡುವದು, ತೋಳು ನಿಲ್ಲುವದು, ಏಟು ಗುರಿಯ ಹಿಂದೆ ಬೀಳುವದು. ದ್ರೋಣನು ಶಿಷ್ಯರನ್ನು ಪರೀಕ್ಷಿಸಿದಾಗ ಉಳಿದವರು ಗಿಡವನ್ನೂ, ಕೊಂಬೆಯನ್ನೂ, ಗುರುವನ್ನೂ ಕಂಡರು. ಅರ್ಜುನನು ಹಕ್ಕಿಯ ತಲೆಯನ್ನಷ್ಟೇ ಕಂಡನು. ಅವನು ಬಾಣದ ಮೊನೆಯನ್ನು ಕಂಡೆನೆಂದು ಹೇಳಲಿಲ್ಲವೆಂಬುದನ್ನು ಓದುವವರು ಲಕ್ಷಿಸುವದಿಲ್ಲ. ಛರ್ರೆಯ ಬಂದೂಕಿನ ಗುರುಗಳು ಇಂದಿಗೂ ಹೇಳುವದು ಅದನ್ನೇ: ಗುರಿಯನ್ನು ನೋಡು, ಮಣಿಯನ್ನು ನೋಡಬೇಡ. ಮಣಿಯು ಕಣ್ಣಿನ ಅಂಚಿನಲ್ಲಿ ಮಸುಕಾಗಿ ಇದ್ದರೆ ಸಾಕು.

ಹಾಗಾದರೆ ಮಣಿ ವ್ಯರ್ಥವೇ? ಅಲ್ಲ. ಕೆಲವು ಬಂದೂಕುಗಳಲ್ಲಿ ತುದಿಯ ಮಣಿಯಲ್ಲದೆ ನಳಿಗೆಯ ನಡುವೆ ಇನ್ನೊಂದು ಚಿಕ್ಕ ಮಣಿಯಿರುವದು. ಬಂದೂಕನ್ನು ಹೆಗಲಿಗೆ ತಂದಾಗ ಎರಡು ಮಣಿಗಳು ಒಂದರ ಮೇಲೊಂದು ಕುಳಿತು 8ರ ಅಂಕಿಯಂತೆ ಕಂಡರೆ ಕಣ್ಣು ನಡುಗೆರೆಯ ಮೇಲಿದೆ. ಬೇರೆಯಾಗಿ ಕಂಡರೆ ಪಕ್ಕಕ್ಕೆ ಸರಿದಿದೆ. ಇದು ಹೊಡೆಯುವ ಮೊದಲು ಮಾಡುವ ಪರೀಕ್ಷೆಯೇ ಹೊರತು ಹೊಡೆಯುವಾಗ ಮಾಡುವ ಕೆಲಸವಲ್ಲ. ಮಣಿಯು ತಪ್ಪನ್ನು ತೋರಿಸಬಲ್ಲದು, ತಿದ್ದಲಾರದು. ತಿದ್ದುವದು ಕುಂದಾ.

ಗುರಿ ನಿಂತಿದ್ದರೆ ಈ ನಿಯಮ ಕೊಂಚ ಸಡಿಲಾಗುವದು. ಕೊಡಗಿನಲ್ಲಿ ಸಪ್ಟೆಂಬರ ತಿಂಗಳ ಕೈಲ್ ಪೊಳ್ದ್ ಹಬ್ಬಕ್ಕೆ ಬಂದೂಕುಗಳನ್ನು ಸಾಲಾಗಿ ಇಟ್ಟು, ತೋಕ್ ಪೂ ಎಂಬ ಹೂವನ್ನು ಮುಡಿಸಿ ಪೂಜಿಸಿ, ತರುವಾಯ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುರಿ ಹಿಡಿಯುವರು. ಆಂಗ್ಲರ ಕಾಲದಿಂದ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬಂದೂಕಿನ ಪರವಾನಿಗೆಯಿಂದ ವಿನಾಯಿತಿಯುಂಟು. 2019ರಲ್ಲಿ ಕೇಂದ್ರ ಸರಕಾರವು ಅದನ್ನು 2029ರವರೆಗೆ ಮುಂದುವರಿಸಿತು. ತೆಂಗಿನಕಾಯಿ ಓಡುವದಿಲ್ಲ, ಮೊದಲ ಏಟು ಕೆಳಗೆ ಬಿದ್ದರೆ ಎರಡನೆಯದನ್ನು ಮೇಲೆ ಹಿಡಿಯಬಹುದು. ಹಾರುವ ಗುರಿಗೆ ಈ ಸೌಲಭ್ಯವಿಲ್ಲ. 2004ರ ಅಥೆನ್ಸ್ ಒಲಿಂಪಿಕ್ಸಿನಲ್ಲಿ ರಾಜ್ಯವರ್ಧನ ಸಿಂಗ ರಾಠೋಡರು ಬೆಳ್ಳಿಯ ಪದಕ ಪಡೆದ ಆಟದಲ್ಲಿ ಎರಡು ಮಣ್ಣಿನ ಬಿಲ್ಲೆಗಳು ಒಮ್ಮೆಲೇ ಹಾರುವವು. ಲೆಕ್ಕ ಹಾಕುವದಕ್ಕೆ ಅವಕಾಶವೆಲ್ಲಿ? ಇಂಥ ಆಟಗಳ ಬಂದೂಕುಗಳನ್ನು ಏಟು ಕೊಂಚ ಮೇಲೆ ಬೀಳುವಂತೆ ಬುದ್ಧಿಪೂರ್ವಕವಾಗಿ ಮಾಡುವದುಂಟು; ಬಿಲ್ಲೆ ಮೇಲಕ್ಕೆ ಏರುತ್ತಿರುವದರಿಂದ, ಅದನ್ನು ನಳಿಗೆಯಿಂದ ಮರೆಮಾಡದೆಯೇ ಹೊಡೆಯಲು ಸಾಧ್ಯವಾಗುವದು. ಏಟು ಮೇಲೆ ಬೀಳುವದು ಸ್ವತಃ ದೋಷವಲ್ಲ; ಎಲ್ಲಿ ಬೀಳುವದೆಂಬುದನ್ನು ಅರಿಯದಿರುವದು ದೋಷ.

ಗೌಡರ ಬಂದೂಕಿನ ರೋಗ ಹೀಗೆ ತಿಳಿಯಿತು. ನೀಳ ಕೊರಳಿನ ತಂದೆಯು ತಲೆಯನ್ನು ನೆಟ್ಟಗೆ ಇಟ್ಟು ಹೊಡೆಯುವವರಾದ್ದರಿಂದ ಅವರಿಗೆ ತಗ್ಗಾದ ಕುಂದಾ ಒಪ್ಪಿತ್ತು. ಅಗಲ ಮುಖಕ್ಕೆ ಎಡೆಯಾಗುವಂತೆ ಅದು ಬಲಕ್ಕೆ ಬಾಗಿತ್ತು. ಗಿಡ್ಡ ಕುತ್ತಿಗೆಯ, ಸೊರಗಿದ ಕೆನ್ನೆಯ ಮಗನ ಕಣ್ಣು ಅದೇ ಕುಂದಾದ ಮೇಲೆ ತಗ್ಗಿಗೂ ಬಲಕ್ಕೂ ಹೋಗುತ್ತಿತ್ತು. ಸಾಲದುದಕ್ಕೆ ಹಿಂತುದಿಯ ತೊಗಲಿನ ಚೀಲದಿಂದ ಬಂದೂಕು ಇನ್ನೂ ಉದ್ದವಾಗಿ, ಹೆಗಲಿಗೆ ಬರುವಾಗ ಅಂಗಿಯಲ್ಲಿ ಸಿಕ್ಕುತ್ತಿತ್ತು. ಚಿಕಿತ್ಸೆಯೇನು? ಕುಂದಾವನ್ನು ಕೆತ್ತಿ ಬಗ್ಗಿಸುವ ಕೆಲಸವನ್ನು ಪರವಾನಿಗೆಯುಳ್ಳ ಬಂದೂಕಿನ ಕಸಬುದಾರರೇ ಮಾಡಬೇಕು. ತಂದೆಯು ಕೈಯಾಡಿಸಿ ನುಣುಪಾಗಿಸಿದ ಕಟ್ಟಿಗೆಗೆ ಉಳಿ ತಾಗಿಸಲು ಗೌಡರ ಮನಸ್ಸು ಒಪ್ಪಲಿಲ್ಲ.

ಹವಾಲ್ದಾರರು ನಕ್ಕು, “ಕಟ್ಟಿಗಿ ಯಾಕ ಕಡೀತೀರಿ? ಅಪ್ಪಾರು ಹಿಂದ ಹಾಕಿದ ತೊಗಲ ಮುಂದ ತರ್ರಿ” ಎಂದರು. ಹಾಗೆಯೇ ಆಯಿತು. ಹಿಂತುದಿಯ ಚೀಲವನ್ನು ಬಿಚ್ಚಿದ್ದರಿಂದ ಬಂದೂಕು ಮುಕ್ಕಾಲು ಇಂಚು ಗಿಡ್ಡವಾಯಿತು. ಅದೇ ತೊಗಲನ್ನು ಊರ ಸಮಗಾರನು ಮೇಲಂಚಿಗೆ ಲಾಡಿಯಿಂದ ಬಿಗಿಯುವ ಪಟ್ಟಿಯಾಗಿ ಹೊಲಿದುಕೊಟ್ಟನು. ಮೇಲೆ ಎರಡು ನೂಲು, ಕೆನ್ನೆಯ ಕಡೆಗೆ ಒಂದು ನೂಲು. ಮೇಲಿನ ದಪ್ಪವು ಕಣ್ಣನ್ನು ಎತ್ತಿತು, ಪಕ್ಕದ ದಪ್ಪವು ಎಡಕ್ಕೆ ಸರಿಸಿತು. ಮತ್ತೆ ಹದಿನಾರು ಗಜ, ಮತ್ತೆ ಐದು ಕಾಗದ. ನಾಲ್ಕರಲ್ಲಿ ಚಕ್ರದ ನಡುವೆ ಚುಕ್ಕೆಯಿತ್ತು. ಐದನೆಯದರಲ್ಲಿ ಏಟು ಮೇಲೆ ಹೋಗಿತ್ತು. “ಇದು ನಂದು,” ಎಂದರು ಗೌಡರು ತಾವಾಗಿಯೇ, “ಹಳೇ ಚಟ. ತಲಿ ಎತ್ತಿದೆ.”

ಈ ಐದನೆಯ ಕಾಗದಕ್ಕೆ ಉಳಿದ ನಾಲ್ಕರಷ್ಟೇ ಬೆಲೆಯುಂಟು. ಸಾಧನದ ತಪ್ಪು ಪರಿಹಾರವಾಗುವವರೆಗೆ ಮನುಷ್ಯನಿಗೆ ತನ್ನ ತಪ್ಪು ಕಾಣಿಸದು. ಎರಡೂ ಒಂದರೊಳಗೊಂದು ಬೆರೆತು, ಅವನು ಎಲ್ಲವನ್ನೂ ತನ್ನ ಮೇಲೆ ಹೊತ್ತು ಕುಗ್ಗುವನು, ಇಲ್ಲವೆ ಎಲ್ಲವನ್ನೂ ಸಾಧನದ ಮೇಲೆ ಹಾಕಿ ಹಗುರಾಗುವನು. ಪಾಠಶಾಲೆಗಳಲ್ಲಿ ಕರಿಹಲಿಗೆಯ ಅಕ್ಷರ ಕಾಣದ ಹುಡುಗರು ಜಡರೆಂಬ ಹೆಸರು ಹೊತ್ತು ಏಟು ತಿಂದುದುಂಟು. ಕನ್ನಡಕ ಬಂದ ಮೇಲೆ ಅವರಲ್ಲಿ ಹಲವರು ಜಾಣರೆನಿಸಿದರು, ಕೆಲವರು ಮಾತ್ರ ನಿಜವಾಗಿ ಮೈಗಳ್ಳರೆಂಬುದು ಗೊತ್ತಾಯಿತು. ಕನ್ನಡಕವು ಎರಡೂ ಪಕ್ಷಗಳಿಗೆ ನ್ಯಾಯ ಮಾಡಿತು. ಕಾಗದದ ಮೇಲಿನ ತೂತುಗಳೂ ಹಾಗೆಯೇ. ಅವಕ್ಕೆ ತಂದೆಯ ಮೇಲೆ ಗೌರವವಿಲ್ಲ, ಮಗನ ಮೇಲೆ ಕನಿಕರವಿಲ್ಲ.

ಆ ವರ್ಷ ಖಂಡೇನವಮಿಗೆ ಸೋಲಾಪುರದಿಂದ ಮಗ, ಸೊಸೆ, ಮೊಮ್ಮಗ ಬಂದರು. ಜಗಲಿಯ ಮೇಲೆ ಕುಡುಗೋಲು, ಕೊಡಲಿ, ಮೇಳಿಗಳ ಜೊತೆಗೆ ಬಂದೂಕನ್ನೂ ಇಟ್ಟು ಪೂಜೆಯಾಯಿತು. ಮಗನು ಕೆನ್ನೆಯ ಪಟ್ಟಿಯನ್ನು ನೋಡಿ ಏನೆಂದು ಕೇಳಿದನು. ಗೌಡರು ಒಳಗೆ ಹೋಗಿ, ಮಡಿಸಿ ಇಟ್ಟ ಹತ್ತು ಕಾಗದಗಳನ್ನು ತಂದು ಅವನ ಮುಂದೆ ಹಾಸಿದರು. ತಗ್ಗಿನ ಮೂರು, ಮೇಲಿನ ಎರಡು, ನಡುವಿನ ನಾಲ್ಕು, ಮೇಲಿನ ಮತ್ತೊಂದು. ಲೆಕ್ಕವನ್ನು ಹೇಳಿದರು. ಕೊನೆಗೆ, “ನಿನ್ನ ನೆದರ ಸುದ್ದ ಇತ್ತೋ. ನಾ ಅಂದದ್ದು ತಪ್ಪು” ಎಂದರು. ಮಗನು ಉತ್ತರ ಕೊಡಲಿಲ್ಲ. ಕಾಗದವೊಂದನ್ನು ಬೆಳಕಿಗೆ ಹಿಡಿದು, ತೂತುಗಳ ಮೂಲಕ ಅಂಗಳವನ್ನು ಬಹಳ ಹೊತ್ತು ನೋಡುತ್ತಿದ್ದನು.

ಎಂಟು ವರ್ಷದ ಮೊಮ್ಮಗನು ಜೋಳದ ದಂಟೊಂದನ್ನು ಬಲ ಹೆಗಲಿಗೆ ಆನಿಸಿ ಅಂಗಳದ ಕಾಗೆಗಳಿಗೆ ಗುರಿ ಹಿಡಿಯುತ್ತಿದ್ದನು. ಗೌಡರು ಅವನನ್ನು ಕರೆದು, ಎರಡೂ ಕಣ್ಣು ತೆರೆದು ದೂರದ ಬೇವಿನ ಗಿಡಕ್ಕೆ ಬೆರಳು ತೋರಿಸಲು ಹೇಳಿದರು. ಆ ಮೇಲೆ ಒಂದೊಂದೇ ಕಣ್ಣನ್ನು ಮುಚ್ಚಿಸಿದರು. ಮನುಷ್ಯನ ಎರಡು ಕಣ್ಣುಗಳಲ್ಲಿ ಒಂದು ಯಜಮಾನ. ಅದನ್ನು ಮುಚ್ಚಿದರೆ ಬೆರಳು ಗಿಡದಿಂದ ಪಕ್ಕಕ್ಕೆ ಹಾರಿದಂತೆ ಕಾಣುವದು. ಬಲ ಹೆಗಲಿನಿಂದ ಹೊಡೆಯುವವನಿಗೆ ಎಡಗಣ್ಣು ಯಜಮಾನನಾದರೆ ಕುಂದಾ ಎಷ್ಟು ಚೆನ್ನಾಗಿ ಒಪ್ಪಿದರೂ ವ್ಯರ್ಥ. ಎರಡು ಕಣ್ಣುಗಳ ನಡುವೆ ಎರಡೂವರೆ ಇಂಚು; ತ್ರೈರಾಶಿ ಹಾಕಿದರೆ ನಾಲ್ವತ್ತು ಗಜದಲ್ಲಿ ಏಟು ಎಂಟಡಿಯಷ್ಟು ಎಡಕ್ಕೆ ಹೋಗುವದು.

“ಯಾವ ಕಣ್ಣ ಮುಚ್ಚಿದಾಗ ಬೆರಳ ಸರೀತು?” ಎಂದು ಗೌಡರು ಕೇಳಿದರು.

“ಎಡಗಣ್ಣ, ಮುತ್ಯಾ.”

ಗೌಡರು ದಂಟನ್ನು ಅವನ ಬಲ ಹೆಗಲಿನಿಂದ ತೆಗೆದು ಎಡ ಹೆಗಲಿಗೆ ಇಟ್ಟರು. “ಹಂಗಾರ ಹಿಂಗ ಹಿಡಿ,” ಎಂದರು. ದಂಟು ಉದ್ದವಾಗಿತ್ತು. ಹುಡುಗನ ತೋಳಿಗೆ ನೋಡಿ, ಒಂದು ಗೇಣು ಮುರಿದು ಕೊಟ್ಟರು.